ಬಾಗಿಲ ಮುಂದೆ ಕೂತ ಹೆಂಗಸರು

ಮೊನ್ನೆ ಶನಿವಾರ ಒಣಮೀನಿನ ಪೊಟ್ಟಣ ಬಿಚ್ಚಿದೆ. ದಾರ ಬಿಚ್ಚುವುದೇ ತಡ, ಲಿವರ್‌ಮೋರ್‌ನ ನನ್ನ ಅಡುಗೆಮನೆ ತುಂಬ ಉಪ್ಪು, ಬಿಸಿಲು, ಸಮುದ್ರ ಎಲ್ಲ ಕಲಸಿಟ್ಟ ಆ ನಾತ ಹಬ್ಬಿತು. ಮಗಳು ಮೂಗು ಹಿಡಿದುಕೊಂಡು ಓಡಿಬಂದು, “ಅಮ್ಮಾ, ಸಮ್‌ಥಿಂಗ್ ಡೈಡ್!” ಅಂದಳು. “ಸತ್ತದ್ದು ಮೀನು ಮಾರಾಯ್ತಿ, ಮತ್ತೆಂತ ಸಾಯಬೇಕಿತ್ತು?” ಅಂದೆ. ಈ ವಾಸನೆಗೆ ಮೂಗು ಮುಚ್ಚುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ, ಸ್ವಂತ ಮಗಳಾದರೂ ಸರಿಯೇ. ಆದರೆ ಅವತ್ತು ಹೆಚ್ಚು ಬೈಯಲಿಲ್ಲ. ಆ ಒಂದು ವಾಸನೆಗೆ ಕ್ಯಾಂಪ್‌ಬೆಲ್‌ನ ಹಳೇ ಅಪಾರ್ಟ್‌ಮೆಂಟಿನ ಕಬ್ಬಿಣದ ಮೆಟ್ಟಿಲು, ಅದರ ಕೆಳಗಿನ ಮನೆ, ಆ ಮನೆಯ ಜನ ಎಲ್ಲ ಎದುರಿಗೆ ಬಂದು ನಿಂತಿದ್ದರು. ನಿಮಗೂ ಅಂಥ ಒಂದು ಮನೆ ಇದ್ದಿರಬೇಕು. ನಿಮ್ಮದಲ್ಲದ, ಆದರೂ ಚಪ್ಪಲಿ ಬಿಟ್ಟು ಸೀದಾ ಅಡುಗೆಮನೆಗೇ ನುಗ್ಗುತ್ತಿದ್ದ ಮನೆ.

ನನಗಾಗ ಎಂಟು ವರ್ಷ. ಎಲ್ಲರ ಬಾಯಲ್ಲೂ ಡಾಟ್‌ಕಾಮ್. ಅಪ್ಪನ ಗೆಳೆಯರು ಮನೆಗೆ ಬಂದರೆ ಸ್ಟಾಕು, ಆಪ್ಷನ್ನು ಬಿಟ್ಟು ಬೇರೆ ಮಾತಿಲ್ಲ. ಅಮ್ಮ ಕೊಟ್ಟ ಗೋಳಿಬಜೆ ಉಪ್ಪೋ ಸಪ್ಪೆಯೋ ಅಂತ ಕೂಡ ಹೇಳದೆ ತಿಂದು ಹೋಗುತ್ತಿದ್ದರು. ನಾವು ಮೇಲಿನ ಮನೆಯಲ್ಲಿ. ಕೆಳಗಿನ ಮನೆಯಲ್ಲಿ ನೈಜೀರಿಯಾದ ಇಗ್ಬೋ ಜನ, ಒಬಿನ್ನ ಅಂಕಲ್ ಮತ್ತು ಚಿನ್ವೆ ಆಂಟಿ. ಅಂಕಲ್ ಯಾವುದೋ ಹೊಸ ಇಂಟರ್ನೆಟ್ ಕಂಪನಿಯಲ್ಲಿ ಹಗಲು ರಾತ್ರಿ ಅನ್ನದೆ ದುಡಿಯುತ್ತಿದ್ದರು. ಆಂಟಿ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ವಿಜ್ಞಾನಿ. ದಿನಾ ಬೆಳಿಗ್ಗೆ ಕೂದಲು ಬಿಗಿದು ಕಟ್ಟಿ, ಜೋರಾಗಿ ರೇಡಿಯೋ ಹಾಕಿಕೊಂಡು ಫ್ರೀವೇಗೆ ಹೊರಡುವಾಗ ನೋಡಬೇಕು ಅವಳ ಗತ್ತು! ದೊಡ್ಡವಳಾದ ಮೇಲೆ ನಾನೂ ಹೀಗೇ ಬಾಗಿಲು ಹಾಕಿ ಹೊರಡಬೇಕು ಅಂತ ಆಗಲೇ ತೀರ್ಮಾನ ಮಾಡಿದ್ದೆ.

ಆ ವರ್ಷ ಅಮ್ಮನಿಗೆ ನನ್ನ ತಮ್ಮ ಹುಟ್ಟಿದ, ಚಿನ್ವೆ ಆಂಟಿಗೆ ಹೆಣ್ಣುಮಗು. ಬಾಣಂತನಕ್ಕೆ ಉಡುಪಿ ಕಡೆಯಿಂದ ನನ್ನ ಅಜ್ಜಿ ಜಲಜಕ್ಕ ಬಂದರು. ಒಂದು ಸಂಜೆ ಅಪಾರ್ಟ್‌ಮೆಂಟಿನ ಮ್ಯಾನೇಜರ್ ಬಂದು ಬಾಗಿಲು ತಟ್ಟಿ, ಮೀನಿನ ವಾಸನೆ ಅಂತ ಯಾರೋ ಕಂಪ್ಲೇಂಟು ಕೊಟ್ಟಿದ್ದಾರೆ ಅಂದ. ಅಮ್ಮ ನಾಚಿಕೆಯಿಂದ ಕುಗ್ಗಿಹೋದಳು. ಅಜ್ಜಿ ಮಾತ್ರ ಸೊಂಟಕ್ಕೆ ಕೈಯಿಟ್ಟು, “ಎಂತದು? ನಾನಿನ್ನೂ ಒಲೆಯೇ ಹೊತ್ತಿಸ್ಲಿಲ್ಲ!” ಅಂದರು. ಆಮೇಲೆ ಗಾಳಿಗೆ ಮೂಗು ಒಡ್ಡಿ, ನನ್ನ ಕೈ ಹಿಡಿದುಕೊಂಡು, ವಾಸನೆಯ ಬೆನ್ನು ಹತ್ತಿ ಕೆಳಗಿಳಿದರು. ಅಲ್ಲಿ ಒಲೆಯ ಮುಂದೆ ನಮ್ಮಜ್ಜಿಯಷ್ಟೇ ವಯಸ್ಸಿನ ಒಬ್ಬರು, ತಲೆಗೆ ಬಟ್ಟೆ ಸುತ್ತಿಕೊಂಡು, ಕಲ್ಲಿನಷ್ಟು ಗಟ್ಟಿಯಾದ ಒಣಮೀನನ್ನು ಗೆಣಸು, ಖಾರದ ಜೊತೆ ಕುದಿಸುತ್ತಿದ್ದರು. ಚಿನ್ವೆ ಆಂಟಿಯ ತಾಯಿ. ಮಗಳ ಬಾಣಂತನಕ್ಕೇ ಬಂದಿದ್ದರು. ಅವರಲ್ಲೂ ಹೆತ್ತ ಮಗಳನ್ನು ತಾಯಿಯೇ ಬಂದು ನೋಡಿಕೊಳ್ಳಬೇಕು, ಅದಕ್ಕೆ ಒಮುಗ್ವೋ ಅನ್ನುತ್ತಾರೆ. ಅವತ್ತಿನಿಂದ ನನಗೆ ಇಬ್ಬರು ಅಜ್ಜಿಯರು, ಮೇಲಿನ ಅಜ್ಜಿ ಮತ್ತು ಕೆಳಗಿನ ಅಜ್ಜಿ.

ಇಬ್ಬರಿಗೂ ಕೆಲಸದಲ್ಲಿ ಪೈಪೋಟಿ. ನಮ್ಮಜ್ಜಿ ಅಮ್ಮನಿಗೆ ಎಣ್ಣೆ ತಿಕ್ಕಿ, ಬಾತ್‌ಟಬ್ಬಿನಲ್ಲಿ ಕೂರಿಸಿ, ಫೈರ್ ಅಲಾರ್ಮು ಕೂಗುವಷ್ಟು ಹಬೆ ಎಬ್ಬಿಸಿ ನೀರು ಹೊಯ್ಯುತ್ತಿದ್ದರು. ಕೆಳಗಿನ ಅಜ್ಜಿ ಟವೆಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ಆಂಟಿಯ ಹೊಟ್ಟೆಗೆ ಒತ್ತುತ್ತಿದ್ದರು. ಆಂಟಿಯ ಕೂಗು ಮೇಲಿನವರೆಗೂ ಕೇಳುತ್ತಿತ್ತು. “ಅವರ ಕೈ ನನಗಿಂತ ಜೋರುಂಟು” ಅಂತ ನಮ್ಮಜ್ಜಿ ಒಪ್ಪಿಕೊಂಡದ್ದು ದೊಡ್ಡ ಮಾತು; ಅವರು ಇನ್ನೊಬ್ಬರನ್ನು ಹೊಗಳಿದ್ದನ್ನು ನಾನು ಕೇಳಿದ್ದೇ ಕಡಿಮೆ. ಮಧ್ಯಾಹ್ನ ಬಾಣಂತಿಯರು ಮಲಗಿದ ಮೇಲೆ ಇಬ್ಬರೂ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಆಶ್ಚರ್ಯವೆಂದರೆ ಇಬ್ಬರೂ ಹುಡುಗಿಯರಾಗಿದ್ದಾಗ ಓದಿದ್ದು ಮಿಷನ್ ಶಾಲೆಯಲ್ಲಿ. ಇಬ್ಬರಿಗೂ ಹರುಕು ಮುರುಕು ಇಂಗ್ಲಿಷು ಬರುತ್ತಿತ್ತು, ಇಬ್ಬರೂ ಒಂದೇ ಥರದ ಕರವಸ್ತ್ರಕ್ಕೆ ಒಂದೇ ಥರದ ಹೂವಿನ ಕಸೂತಿ ಹಾಕಲು ಕಲಿತಿದ್ದರು. ಒಳ್ಳೆಯ ಹೆಂಡತಿ ಮೆಲ್ಲಗೆ ಮಾತಾಡಬೇಕು, ಗಂಡ ಬರುವ ಹೊತ್ತಿಗೆ ಮೇಜು ಒರೆಸಿಟ್ಟಿರಬೇಕು ಅನ್ನುವ ಪಾಠವೂ ಒಂದೇ. “ನಮ್ಮನೆಯಲ್ಲಿ ಮೇಜೇ ಇರ್ಲಿಲ್ಲ!” ಅಂತ ನಮ್ಮಜ್ಜಿ ಹೇಳಿದರೆ ಕೆಳಗಿನ ಅಜ್ಜಿ ಹೊಟ್ಟೆ ಹಿಡಿದು ನಗುತ್ತಿದ್ದರು. ಇಂಗ್ಲಿಷು ಸಾಲದಾದಾಗ ನಡುವೆ ಕೂತ ನಾನೇ ದುಭಾಷಿ.

ಹಾಗೆ ಕೂತೇ ನಾನು ಕೇಳಿದ್ದು. ಕೆಳಗಿನ ಅಜ್ಜಿಯ ಅಜ್ಜಿಯ ಕಾಲದಲ್ಲಿ ಸಂತೆ ಹೆಂಗಸರದು, ಸಂತೆಯ ಕಟ್ಟಳೆಯೂ ಹೆಂಗಸರದು. ಮನೆತನದಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆ ಉಮುಆಡಾ ಅಂತ ಹೆಸರು. ಮದುವೆಯಾಗಿ ಎಲ್ಲಿಗೇ ಹೋಗಿರಲಿ, ತವರಿನಲ್ಲಿ ಜಗಳವಾದರೆ ನ್ಯಾಯ ಹೇಳಲು, ಸಾವಾದರೆ ಮುಂದೆ ನಿಲ್ಲಲು ಅವರು ಬರಲೇಬೇಕು. ಇನ್ನು ಹೆಂಗಸರನ್ನು ಗೋಳು ಹೊಯ್ದುಕೊಂಡ ಗಂಡಸಿದ್ದರೆ, ಊರ ಹೆಂಗಸರೆಲ್ಲ ಒಟ್ಟಾಗಿ ಅವನ ಬಾಗಿಲಿಗೆ ಹೋಗಿ, ಅವನ ಬಂಡವಾಳವನ್ನೆಲ್ಲ ಹಾಡು ಕಟ್ಟಿ ಹಾಡಿ, ಒನಕೆಯಿಂದ ಗೋಡೆ ಕುಟ್ಟಿ, ತಪ್ಪಾಯಿತು ಅನ್ನುವ ತನಕ ಅಲ್ಲಿಂದ ಏಳುತ್ತಿರಲಿಲ್ಲವಂತೆ. ಅದಕ್ಕೆ ‘ಗಂಡಸಿನ ಮೇಲೆ ಕೂರುವುದು’ ಅಂತಲೇ ಹೆಸರು. ಆಮೇಲೆ ಬಿಳಿಯರು ಬಂದರು. ನಿಮ್ಮ ಯಜಮಾನ ಯಾರು ಅಂತ ಕೇಳಿದರು. ಇವರ ಊರಲ್ಲಿ ಒಬ್ಬನೇ ಯಜಮಾನ ಅಂತ ಇರಲಿಲ್ಲ, ಎಲ್ಲರೂ ಕೂತು ಮಾತಾಡುವ ಕ್ರಮ. ಅದು ಅವರ ತಲೆಗೆ ಹೋಗಲಿಲ್ಲ. ಯಾವನೋ ಒಬ್ಬ ಗಂಡಸನ್ನು ಹಿಡಿದು, ತಲೆಗೊಂದು ಟೋಪಿ ತೊಡಿಸಿ, ಕುರ್ಚಿ ಮೇಲೆ ಕೂರಿಸಿದರು. ಹೆಂಗಸರನ್ನು ಕೇಳಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ.

“ನಮ್ಮದೂ ಅದೇ ಕತೆ ಅಕ್ಕ” ಅಂದರು ನಮ್ಮಜ್ಜಿ. ನಮ್ಮದು ಅಳಿಯಸಂತಾನ, ಮನೆತನ ನಡೆಯುವುದು ತಾಯಿಯ ಕಡೆಯಿಂದ, ಮನೆ ಗದ್ದೆ ಹೆಣ್ಣುಮಕ್ಕಳ ಸಾಲಿನಲ್ಲಿ. ಕೋರ್ಟಿನಲ್ಲಿ ಕೂತ ದೊರೆಗಳಿಗೆ, ಗಂಡನಾದವನು ಹೆಂಡತಿಯ ಮನೆಗೆ ನೆಂಟನ ಹಾಗೆ ಬಂದು ಹೋಗುವುದು ಅನಾಗರಿಕವಾಗಿ ಕಂಡಿತಂತೆ. ಇಂಗ್ಲಿಷು ಕಲಿತ ನಮ್ಮವರಿಗೂ ನಾಚಿಕೆ ಹತ್ತಿತು. ಹಾಗಂತ ಅಜ್ಜಿ ಎಲ್ಲವನ್ನೂ ಬಿಳಿಯರ ತಲೆಗೆ ಕಟ್ಟಿದವರಲ್ಲ. ಸೋದರಮಾವಂದಿರ ದರ್ಬಾರಿನ ರುಚಿಯೂ ಅವರಿಗೆ ಗೊತ್ತಿತ್ತು. “ಬಾಗಿಲು ತೆಗೆದುಕೊಟ್ಟದ್ದು ದೊರೆಗಳು, ಓಡಿಹೋಗಿ ಕುರ್ಚಿಯಲ್ಲಿ ಕೂತದ್ದು ನಮ್ಮ ಗಂಡಸರೇ” ಅಂದರು. ನಾನದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಕೆಳಗಿನ ಅಜ್ಜಿ ನಮ್ಮಜ್ಜಿಯ ತೊಡೆಯ ಮೇಲೆ ಫಟ್ಟನೆ ಒಂದು ಏಟು ಕೊಟ್ಟರು. ಅದು ಅವರ ಮೆಚ್ಚುಗೆ.

ಆಂಟಿ ಕೆಲಸಕ್ಕೆ ಮರಳುವ ದಿನ ಹತ್ತಿರವಾಗಿತ್ತು. ಆಗ ಹ್ಯೂಸ್ಟನ್‌ನಿಂದ ಒಬಿನ್ನ ಅಂಕಲ್ಲಿನ ಅಣ್ಣ ಉಚೆ ಮಗುವನ್ನು ನೋಡಲು ಬಂದರು. ಡಾಕ್ಟರು, ಗಂಭೀರ, ಮನೆಗೆ ಹಿರಿಯ. ಒಬಿನ್ನ ಅಂಕಲ್ಲನ್ನು ಓದಿಸಿದವರೂ ಅವರೇ. ಬಂದ ಎರಡನೇ ದಿನವೇ ಫರ್ಮಾನು ಹೊರಡಿಸಿದರು. ಚಿನ್ವೆ ಕೆಲಸ ಬಿಡಬೇಕು, ಮಗುವನ್ನು ಡೇಕೇರಿಗೆ ಹಾಕುವುದು ನಮ್ಮ ಮನೆತನಕ್ಕೆ ಅವಮಾನ. ಇಗ್ಬೋ ಸಂಪ್ರದಾಯದಲ್ಲಿ ಗಂಡಸು ದುಡಿಯುತ್ತಾನೆ, ಹೆಂಗಸು ಮನೆ ನೋಡಿಕೊಳ್ಳುತ್ತಾಳೆ. ಒಬಿನ್ನ ಅಂಕಲ್ ಅಣ್ಣನ ಎದುರು ಬಾಯಿ ಬಿಡಲಿಲ್ಲ. ನಾನು ಮಗು ನೋಡಲು ಹೋದಾಗ ಆಂಟಿ ಸಿಂಕಿನ ಮುಂದೆ ನಿಂತು, ತೊಳೆದ ಬಾಟಲನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಆ ಲ್ಯಾಬು ಅವಳ ಜೀವ. ಅದಕ್ಕಾಗಿ ಹಗಲು ನೆಲ ಒರೆಸಿ ರಾತ್ರಿ ಓದಿದವಳು ಅವಳು. “ಅಮ್ಮಾ, ನೀನು ಏನೂ ಹೇಳಬೇಡ. ಆಮೇಲೆ ಎಲ್ಲ ನನ್ನ ತಲೆಗೆ ಬರುತ್ತದೆ” ಅಂತ ತಾಯಿಗೆ ಬೇಡಿಕೊಂಡಳು. ಕೆಳಗಿನ ಅಜ್ಜಿ ಅಳಿಯನ ಮನೆಯಲ್ಲಿ ಇರುವವರು, ಬಾಯಿ ತೆರೆದರೆ ವಾಪಸು ಕಳಿಸಿಯೂ ಬಿಡಬಹುದು. ಅವರು ಫೋನೆತ್ತಿ ಓಕ್ಲೆಂಡಿನಲ್ಲಿ, ಸ್ಯಾನ್ ಹೊಸೆಯಲ್ಲಿ ಇದ್ದ ತಮ್ಮೂರಿನ ಹೆಣ್ಣುಮಕ್ಕಳ ಜೊತೆ ಇಗ್ಬೋದಲ್ಲಿ ಮಾತಾಡಿದರು.

ಭಾನುವಾರ ಮಧ್ಯಾಹ್ನ ಮೂವರು ಹೆಂಗಸರು ಬಂದಿಳಿದರು, ಎಲ್ಲರಿಗೂ ಒಂದೇ ನೀಲಿ ಬಟ್ಟೆ, ತಲೆಗೂ ಅದೇ. ಕೆಳಗಿನ ಅಜ್ಜಿ ಮನೆಯಿಂದ ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಅವರ ಜೊತೆ ಅದೇ ಬಾಗಿಲ ಮುಂದೆ ಸಿಮೆಂಟಿನ ಮೇಲೆ ಕೂತರು. ನಮ್ಮಜ್ಜಿ ಮೇಲಿನಿಂದ ಇಣುಕಿ ನೋಡಿ, “ನಾಲ್ಕೇ ಜನರಾ? ಸಾಕಾಗುದಿಲ್ಲ” ಅಂದರು. “ಅಮ್ಮಾ, ನಿಮಗ್ಯಾಕೆ ಊರ ಉಸಾಬರಿ?” ಅಂತ ಅಮ್ಮ ಸೆರಗು ಹಿಡಿದಳು. “ಊರಿದ್ದಲ್ಲ, ಮನೆಯದ್ದು” ಅಂತ ಸೆರಗು ಬಿಡಿಸಿಕೊಂಡು, ಎಲೆಅಡಿಕೆಯ ಹಿತ್ತಾಳೆ ಕುಟ್ಟಾಣಿ ಹಿಡಿದು ಇಳಿದೇಬಿಟ್ಟರು. ಕೆಳಗಿನ ಅಜ್ಜಿ ಒಂದು ಸಾಲು ಹಾಡುವುದು, ಉಳಿದವರು ಸೊಲ್ಲು ಸೇರಿಸುವುದು, ಒಬ್ಬರು ಪಾತ್ರೆ ಬಡಿಯುವುದು. ನಮ್ಮಜ್ಜಿ ಕುಟ್ಟಾಣಿಯಿಂದ ಮೆಟ್ಟಿಲ ಕಂಬಿಗೆ ಟಣ್ ಟಣ್ ಅಂತ ತಾಳ ಹಾಕಿದರು. ಆಮೇಲೆ ಅವರಿಗೂ ಹುರುಪು ಬಂತು. ಗದ್ದೆಯಲ್ಲಿ ನೇಜಿ ನೆಡುವಾಗಿನ ತುಳು ಹಾಡನ್ನು ದನಿಯೆತ್ತಿ ಹಾಡಿದರು. ಆ ಹೆಂಗಸರು ಅದಕ್ಕೂ ಸೊಲ್ಲು ಕೊಟ್ಟರು, ಅಬ್ಬಾ! ಅಪಾರ್ಟ್‌ಮೆಂಟಿನವರೆಲ್ಲ ಬಾಲ್ಕನಿಗೆ ಬಂದರು. ಮ್ಯಾನೇಜರ್ ಓಡಿಬಂದ. ಕೆಳಗಿನ ಅಜ್ಜಿ ಹಾಡು ನಿಲ್ಲಿಸದೆ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು, ಅಷ್ಟೇ. ಬಂದ ದಾರಿಗೆ ಸುಂಕವಿಲ್ಲ ಅಂತ ಅವನು ಹಿಂದೆ ಹೋದ.

ಮನೆಯೊಳಗಿದ್ದ ಉಚೆ ಮೊದಲು ಕಿಟಕಿಯ ಪರದೆ ಎಳೆದರು, ಆಮೇಲೆ ಟೀವಿ ಜೋರು ಮಾಡಿದರು. ಹಾಡು ಇನ್ನೂ ಜೋರಾಯಿತು. ಕೊನೆಗೆ ಹೊರಗೆ ಬಂದಾಗ ಅವರ ಮುಖದಲ್ಲಿ ಸಿಟ್ಟಿಗಿಂತ ಗಾಬರಿಯೇ ಹೆಚ್ಚು. ಕೆಳಗಿನ ಅಜ್ಜಿ ಕೂತಲ್ಲಿಂದಲೇ ಕೇಳಿದರು, ಮಾತು ಇಗ್ಬೋದಲ್ಲಿ. ಸಾಲು ಸಾಲಾಗಿ ನನಗೆ ಬಿಡಿಸಿ ಹೇಳಿದ್ದು ಪಕ್ಕದಲ್ಲಿ ಮಗು ಎತ್ತಿಕೊಂಡು ನಿಂತಿದ್ದ ಚಿನ್ವೆ ಆಂಟಿ.

“ಹೆಂಗಸು ಮನೆಯಲ್ಲೇ ಇರಬೇಕು ಅಂತ ನಿನಗೆ ಹೇಳಿದ್ದು ಯಾರು?”

“ನಮ್ಮ ತಂದೆ.”

“ಅವರಿಗೆ?”

“ಶಾಲೆಯ ಪಾದ್ರಿಗಳು” ಅಂದರು ಉಚೆ.

“ನಿನ್ನ ತಂದೆಯನ್ನು ಆ ಶಾಲೆಗೆ ಕಳಿಸಿದ್ದು ಯಾರ ಎಣ್ಣೆ ವ್ಯಾಪಾರದ ದುಡ್ಡು? ಪಕ್ಕದ ನಿಮ್ಮೂರಿಗೆ ಮದುವೆಯಾಗಿ ಹೋದ ನನ್ನ ಅಕ್ಕನನ್ನು ಗಂಡ ಹೊಡೆದಾಗ, ಅವನ ಬಾಗಿಲಲ್ಲಿ ಎಲ್ಲರಿಗಿಂತ ಮುಂದೆ ಕೂತವರು ಯಾರು?”

ಅದು ಉಚೆಯ ಸ್ವಂತ ಅಜ್ಜಿ. ಕಂಡರೆ ಇಡೀ ಸಂತೆಯೇ ಎದ್ದು ನಿಲ್ಲುತ್ತಿದ್ದ ಹೆಂಗಸು. ಅಜ್ಜಿ ಸತ್ತಾಗ ಉಚೆಗೆ ಹತ್ತು ವರ್ಷ. ಅವರ ಸೊಂಟ ಹಿಡಿದುಕೊಂಡೇ ಸಂತೆ ತಿರುಗಿದವರಂತೆ. ಆ ದೊಡ್ಡ ಡಾಕ್ಟರು ಸಿಮೆಂಟಿನ ಮೇಲೆ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಸಂಪ್ರದಾಯ ಸಂಪ್ರದಾಯ ಅಂತ ಎದೆಗವಚಿಕೊಂಡದ್ದು ಪಾದ್ರಿಗಳ ಪಾಠ. ನಿಜವಾದ ಸಂಪ್ರದಾಯ ಎದುರಿಗೇ ಪಾತ್ರೆ ಬಡಿಯುತ್ತ ಕೂತಿತ್ತು. ತಪ್ಪಾಯಿತು ಅಂದರು. ಆಗ ಬಾಯಿ ಬಂದದ್ದು ಒಬಿನ್ನ ಅಂಕಲ್ಲಿಗೆ, “ಚಿನ್ವೆ ಕೆಲಸಕ್ಕೆ ಹೋಗುತ್ತಾಳೆ, ಬೆಳಿಗ್ಗೆ ಮಗು ನನ್ನ ಜವಾಬ್ದಾರಿ.” ಕ್ರಮದ ಪ್ರಕಾರ ತಪ್ಪು ಕಾಣಿಕೆಯಾಗಿ ಆಡು ಕೊಡಬೇಕು. ಉಚೆ ಕಾರು ತೆಗೆದುಕೊಂಡು ಹೋಗಿ ಆಡಿನ ಮಾಂಸವನ್ನೇ ತಂದರು. ಕುದಿಸಿ ಪಾಲು ಹಾಕುವಾಗ ಕೆಳಗಿನ ಅಜ್ಜಿ ನಮ್ಮಜ್ಜಿಗೂ ಉಮುಆಡಾ ಪಾಲನ್ನೇ ಎತ್ತಿಟ್ಟರು. ನಮ್ಮಜ್ಜಿ ಬೆರಳು ಚೀಪುತ್ತ, “ಉಪ್ಪು ಒಂದು ಚೂರು ಕಮ್ಮಿ, ಆದ್ರೆ ನ್ಯಾಯ ಸರಿಯುಂಟು” ಅಂದರು. ಆ ಹೊತ್ತಿಗೆ ನನಗಾದ ಹೆಮ್ಮೆಯನ್ನು ಹೇಗೆ ಹೇಳಲಿ? ಶಾಲೆಯಲ್ಲಿ ಡಬ್ಬಿ ಮುಚ್ಚಿಕೊಂಡು ಊಟ ಮಾಡುತ್ತಿದ್ದ ನಾನು ಮಾರನೇ ದಿನ ಎಲ್ಲರೆದುರು ಬಿಚ್ಚಿಟ್ಟು ತಿಂದೆ.

ಚಿನ್ವೆ ಆಂಟಿ ಮತ್ತೆ ರೇಡಿಯೋ ಹಾಕಿಕೊಂಡು ಫ್ರೀವೇ ಹತ್ತಿದಳು. ಮುಂದೆ ಡಾಟ್‌ಕಾಮ್ ಗುಳ್ಳೆ ಒಡೆದು ಅಂಕಲ್ಲಿನ ಕಂಪನಿ ಮುಚ್ಚಿದಾಗ ಮನೆ ನಿಂತದ್ದು ಅವಳ ಲ್ಯಾಬಿನ ಸಂಬಳದಿಂದಲೇ. ಅಷ್ಟರಲ್ಲಿ ಅಜ್ಜಿಯರಿಬ್ಬರೂ ತಂತಮ್ಮ ಊರು ಸೇರಿದ್ದರು. ಆ ಇಬ್ಬರನ್ನು ಒಟ್ಟಿಗೆ ಮತ್ತೆ ನೋಡುವ ಭಾಗ್ಯ ನಮಗೆ ಬರಲಿಲ್ಲ. ಕೆಳಗಿನ ಮನೆಯವರು ಓಕ್ಲೆಂಡಿಗೆ ಹೋದರು, ಬೇರೆ ಯಾರೋ ಬಂದರು. ಈಗ ಆ ಅಪಾರ್ಟ್‌ಮೆಂಟೇ ಇಲ್ಲ. ಕೆಡವಿ ಗಾಜಿನ ಕಟ್ಟಡ ಎಬ್ಬಿಸಿದ್ದಾರೆ.

ನಮ್ಮಜ್ಜಿ ತೀರಿಕೊಂಡಾಗ ನಾವಿನ್ನೂ ಕ್ಯಾಂಪ್‌ಬೆಲ್‌ನ ಆ ಮೇಲಿನ ಮನೆಯಲ್ಲೇ ಇದ್ದೆವು. ಸುದ್ದಿ ಬಂದಾಗ ಊರಲ್ಲಿ ಎಲ್ಲ ಮುಗಿದಿತ್ತು, ಹೊರಟರೂ ಮುಖ ಸಿಗುತ್ತಿರಲಿಲ್ಲ. ಅಮ್ಮ ಅಳಲಿಲ್ಲ. ಅಡುಗೆ ಮಾಡಿದಳು, ತಮ್ಮನಿಗೆ ಊಟ ಹಾಕಿದಳು, ಯಾರ ಹತ್ತಿರವೂ ಮಾತಾಡಲಿಲ್ಲ. ಅವಳನ್ನು ನೋಡಿ ನಮಗೆ ಹೆದರಿಕೆಯಾಗಿತ್ತು. ನಾನೇ ಚಿನ್ವೆ ಆಂಟಿಗೆ ಫೋನ್ ಮಾಡಿ ಹೇಳಿದ್ದು. ಮರುದಿನ ಬಾಗಿಲು ತೆಗೆದರೆ ಚಿನ್ವೆ ಆಂಟಿ, ಹಿಂದೆ ಅದೇ ಮೂವರು ಹೆಂಗಸರು, ಎಲ್ಲರೂ ಕಪ್ಪು ಬಟ್ಟೆಯಲ್ಲಿ. ಅಪ್ಪ ಗಡಿಬಿಡಿಯಿಂದ ಕುರ್ಚಿ ಎಳೆದರು. ಅವರು ಕುರ್ಚಿ ಬೇಡವೆಂದು ನೆಲದ ಮೇಲೆ ಅಮ್ಮನ ಸುತ್ತ ಕೂತರು. “ಇಷ್ಟು ದೂರ ಯಾಕೆ ಬಂದಿರಿ?” ಅಂತ ಅಮ್ಮ ಮೆಲ್ಲಗೆ ಕೇಳಿದಳು.

“ಮನೆಮಗಳು ಹೋಗಿದ್ದಾಳೆ” ಅಂದಳು ಆಂಟಿ, “ನಾವಲ್ಲದೆ ಮತ್ಯಾರು ಬರಬೇಕು?”

ಆಮೇಲೆ ಅವರು ಹಾಡಲು ಶುರು ಮಾಡಿದರು, ತಗ್ಗಿದ ದನಿಯಲ್ಲಿ. ಎರಡನೇ ಸೊಲ್ಲಿಗೆ ಅಮ್ಮ ಆಂಟಿಯ ಮಡಿಲಲ್ಲಿ ತಲೆಯಿಟ್ಟು, ತನ್ನ ತಾಯಿಯನ್ನು ತುಳುವಿನಲ್ಲಿ ಕೂಗಿ ಕರೆಯುತ್ತ, ಜೋರಾಗಿ ಅತ್ತಳು.