ಮೈನೆರೆಯದವಳಿಗೆ ಆರತಿ

ನನ್ನ ಎಡತೊಡೆಯ ಒಳಬದಿಯಲ್ಲಿ ಕಿರುಬೆರಳಿನಷ್ಟು ಉದ್ದದ ಗಾಯದ ಗುರುತಿದೆ. ಶಾಲೆಯ ಮೈದಾನದಲ್ಲಿ ಖೋಖೋ ಕಂಬದಿಂದ ಹೊರಬಂದಿದ್ದ ಒಂದು ಮೊಳೆ ಕೊಟ್ಟದ್ದು. ಆ ಮೊಳೆಯ ಮೇಲೆ ನನಗೆ ಸಿಟ್ಟಿಲ್ಲ. ಅದು ಚುಚ್ಚಿತು, ಅಷ್ಟೇ. ಮಿಕ್ಕದ್ದನ್ನೆಲ್ಲ ಮಾಡಿದವರು ನನ್ನ ಮನೆಯವರು.

ನಾನಾಗ ಏಳನೇ ಕ್ಲಾಸು. ಮನೆ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ, ಅಪ್ಪ ಆಟೊ ಓಡಿಸುತ್ತಿದ್ದ. ಓಡುವುದೊಂದು ಬಿಟ್ಟರೆ ನನಗೆ ಬೇರೆ ಯಾವ ವಿದ್ಯೆಯೂ ಹತ್ತಿರಲಿಲ್ಲ. ಆದರೆ ಕಂಬ ಹಿಡಿದು ಗಿರಕ್ಕನೆ ತಿರುಗಿದೆನೆಂದರೆ ಎದುರಿನ ತಂಡದವರು ಕೈಗೆ ಸಿಕ್ಕರೆಂದೇ ಲೆಕ್ಕ. ಸಂಡೂರಿನಲ್ಲಿ ಪಂದ್ಯವಿತ್ತು. ಅಲ್ಲಿ ಚೆನ್ನಾಗಿ ಆಡಿದರೆ ಕ್ರೀಡಾ ಹಾಸ್ಟೆಲ್ಲಿಗೆ ಆಯ್ಕೆಯಾಗಬಹುದು ಎಂದು ಪಿ.ಟಿ. ಸರ್ ಹೇಳಿದ್ದರು. ನಾನು ಹಾಸ್ಟೆಲ್ಲಿನ ಮಂಚದ ಬಣ್ಣವನ್ನೂ ಮನಸ್ಸಿನಲ್ಲೇ ಆರಿಸಿಕೊಂಡಿದ್ದೆ.

ಅಭ್ಯಾಸದ ದಿನ ಜಾರಿ ಕಂಬಕ್ಕೆ ಬಿದ್ದೆ. ಮೊಳೆ ಸೀಳಿ ಲಂಗವೆಲ್ಲ ರಕ್ತವಾಯಿತು. ಸರ್ ತಮ್ಮ ಕರ್ಚೀಫು ಕೊಟ್ಟು, ಕಟ್ಟಿಕೋ ಎಂದು ಆಚೆ ತಿರುಗಿ ನಿಂತರು. ಆಟ ಬಿಡಿಸಿಯಾರೆಂಬ ಭಯಕ್ಕೆ ನಾನು ಮನೆಯಲ್ಲಿ ಏನೂ ಹೇಳದೆ ಲಂಗವನ್ನು ಬಚ್ಚಲಿನ ಬಕೆಟ್ಟಿನಲ್ಲಿ ನೆನೆಹಾಕಿದೆ. ಅಪ್ಪನ ತಾಯಿ, ನನ್ನ ಅಜ್ಜಿ, ಅದನ್ನು ಎತ್ತಿ ಬೆಳಕಿಗೆ ಹಿಡಿದಳು. ಕಣ್ಣು ಮಂಜಾಗಿದ್ದ ಅಜ್ಜಿಗೆ ಅವತ್ತು ಎಲ್ಲ ಸ್ಪಷ್ಟವಾಗಿ ಕಂಡಿತು.

"ಯವ್ವಾ, ಹುಡುಗಿ ದೊಡ್ಡಾಕಿ ಆಗ್ಯಾಳ!"

"ಇಲ್ಲಬೇ ಅಜ್ಜಿ, ಬಿದ್ದೀನಿ. ನೋಡಿಲ್ಲಿ" ಎಂದು ಲಂಗ ಎತ್ತಿ ಗಾಯ ತೋರಿಸಿದೆ.

ಅಜ್ಜಿ ಬಗ್ಗಿ ನೋಡಿದಳು. "ಇಷ್ಟು ತರಚಿದ್ದಕ್ಕ ಅಷ್ಟು ರಕ್ತ ಬರ್ತೈತೇನು? ಸಾಲಿಗೆ ಹೋಗಾಕ ಎಲ್ಲಾ ಹುಡುಗ್ಯಾರೂ ಹಿಂಗ ಸುಳ್ಳು ಹೇಳ್ತಾರ" ಎಂದಳು. ಪಕ್ಕದ ಮನೆಯ ಹುಡುಗಿಯೊಬ್ಬಳು ಹಾಗೆ ತಿಂಗಳುಗಟ್ಟಲೆ ಮುಚ್ಚಿಟ್ಟು ಸಿಕ್ಕಿಬಿದ್ದಿದ್ದಳು. ಅವಳ ಸುಳ್ಳಿನ ಬಾಕಿಯನ್ನು ನಾನು ತೀರಿಸಬೇಕಾಯಿತು. ನನ್ನ ಮೈಯ ವಿಷಯ ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ನನ್ನನ್ನು ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಸಿ ಕೂರಿಸಿದರು. ತಟ್ಟೆ ಬೇರೆ, ಲೋಟ ಬೇರೆ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ತಿನ್ನಿಸಿದ್ದೇ ತಿನ್ನಿಸಿದ್ದು. ಸಂಜೆಯಾದರೆ ಓಣಿಯ ಹೆಂಗಸರು ಬಂದು ಆರತಿ ಎತ್ತಿ, ನನ್ನ ಎದೆಯನ್ನು ಕಣ್ಣಿನಲ್ಲೇ ಅಳೆದು, "ಇನ್ನೂ ಏನೂ ಇಲ್ಲಲ್ಲ, ಬರ್ತೈತಿ ಬಿಡ್ರಿ" ಎಂದು ನಗುತ್ತಿದ್ದರು. ನಾಚಿಕೆಯಿಂದ ಸತ್ತುಹೋಗುವಂತಾಗುತ್ತಿತ್ತು. ನನ್ನ ತೊಡೆಯ ಗಾಯಕ್ಕೆ ಅರಿಶಿನ ಹಚ್ಚುವ ನೆನಪು ಮಾತ್ರ ಯಾರಿಗೂ ಬರಲಿಲ್ಲ. ಅರಿಶಿನವೆಲ್ಲ ಕೆನ್ನೆಗೇ ಖರ್ಚಾಯಿತು.

ಕೂರಿಸಿದ ಮಾರನೆಯ ದಿನವೇ ಅವ್ವ ನಾನು ಮುಟ್ಟಿಗೆಂದು ಕಟ್ಟಿಕೊಂಡಿದ್ದ ಬಟ್ಟೆ ಕೇಳಿದಳು. ಹಳೆಯ ಸೀರೆಯನ್ನು ಹರಿದು ಮಡಚಿ ಅವಳೇ ಕೊಟ್ಟಿದ್ದ ಬಟ್ಟೆ. ಬಿಡಿಸಿ ನೋಡಿದಳು. ಹೇಗೆ ಕೊಟ್ಟಿದ್ದಳೋ ಹಾಗೇ ಇತ್ತು.

"ನೋಡವ್ವಾ, ಏನೂ ಇಲ್ಲ. ನಾ ಹೇಳಿದ್ನಲ್ಲ?"

ಅವ್ವ ಬಹಳ ಹೊತ್ತು ಬಟ್ಟೆಯನ್ನೇ ನೋಡಿದಳು. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಇನ್ನೇನು ಎದ್ದು ಹೋಗಿ ಅಜ್ಜಿಗೆ ಹೇಳುತ್ತಾಳೆ, ನಾನು ಎದ್ದು ಸಂಡೂರಿಗೆ ಹೋಗುತ್ತೇನೆ.

"ಕಂಪ್ಲಿಯಿಂದ ನನ್ನ ತವರಿನವ್ರು ಎಲ್ಲಾ ತಯಾರಾಗ್ಯಾರ. ನಿಮ್ಮ ಮಾವ ಸೀರಿ ತಂದಾನ. ಓಣ್ಯಾಗ ಹೇಳಿ ಆಗೇತಿ" ಎಂದಳು ಮೆಲ್ಲಗೆ. "ಈಗ ಅಲ್ಲ ಅಂದ್ರ ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ?"

ಆಮೇಲೆ ಹಿತ್ತಲಿಗೆ ಹೋಗಿ ಆ ಶುಭ್ರ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಕಲ್ಲಿಗೆ ಬಡಿದು, ಹಿಂಡಿ, ಅಜ್ಜಿಗೆ ಕಾಣುವ ಹಾಗೆ ತಂತಿಗೆ ಹಾಕಿದಳು.

ಪಂದ್ಯದ ಹಿಂದಿನ ದಿನ ಪಿ.ಟಿ. ಸರ್ ಮನೆಗೆ ಬಂದರು. ಮೂಲೆಯಲ್ಲಿ ಕೂತೇ ನಾನು ಅವರ ದನಿ ಕೇಳಿಸಿಕೊಂಡೆ. ಪಾಪ, ಆ ಮನುಷ್ಯನಿಗೆ ಸತ್ಯ ಹೇಳಿದರೆ ಸಾಕೆಂಬ ನಂಬಿಕೆ.

"ಅಮ್ಮಾರೆ, ತಪ್ಪು ತಿಳ್ಕೊಂಡೀರಿ. ಹುಡುಗಿ ಬಿದ್ದಿದ್ಲು ರೀ. ಕಂಬದ ಮೊಳಿ ತೊಡಿಗೆ ಬಡೀತು, ನಾನs ಅಲ್ಲಿ ಇದ್ದೆ."

ಅಜ್ಜಿ ಕೇಳಿದಳು: "ನಮ್ಮ ಹುಡುಗಿ ತೊಡಿ ನೀವ್ಯಾಕ ನೋಡಿದ್ರಿ?"

ಸರ್ ಏನೋ ತೊದಲಿದರು. ಎದುರುಮನೆಯವರು ಹೊಸಲಿಗೆ ಬಂದು ನಿಂತದ್ದು ಬಳೆಯ ಸದ್ದಿನಿಂದ ತಿಳಿಯಿತು. ಅಪ್ಪ ಒಳಗೆ ಬಂದು ನನ್ನನ್ನು ಕೇಳಿದ, "ಬಿದ್ದೇನು? ಆ ಮಾಸ್ತರ ಮುಟ್ಟಿದ್ನೇನು?" ಅಪ್ಪನ ಕೈ ಬಾಗಿಲ ಹಿಂದಿನ ಕೋಲಿನ ಮೇಲಿತ್ತು. ಅವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳಿಗೆ ಗೊತ್ತಿತ್ತು. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಾ ಬಿದ್ದಿಲ್ಲಪ್ಪಾ" ಎಂದೆ.

ಸರ್ ತಲೆ ತಗ್ಗಿಸಿ ಹೋದರು. ಮತ್ತೆಂದೂ ನನ್ನ ಹೆಸರು ಹಿಡಿದು ಕರೆಯಲಿಲ್ಲ, ಹಾಜರಿಯ ನಂಬರು ಕೂಗುವಾಗಲೂ ನನ್ನ ಕಡೆ ನೋಡುತ್ತಿರಲಿಲ್ಲ.

ಹುಡುಗಿಯರು ಸಂಡೂರಿಗೆ ಹೋದರು, ಸೋತು ಬಂದರು. ನನಗೆ ಅವರು ಸೋತದ್ದಕ್ಕೆ ಸಂತೋಷವಾಯಿತು, ಹೇಳುವುದಕ್ಕೇನು. ಅಷ್ಟು ಹೊತ್ತಿಗೆ ಆಟೊ ಸ್ಟ್ಯಾಂಡಿನ ಪಕ್ಕ ನನ್ನ ಫ್ಲೆಕ್ಸು ಎದ್ದಿತ್ತು. ಯಶವಂತನಗರದಲ್ಲಿ ಗಣಿ ಲಾರಿ ಓಡಿಸುತ್ತಿದ್ದ ಸೋದರಮಾವ ಪ್ರೀತಿಯಿಂದ ಮಾಡಿಸಿದ್ದು. ಹಿಂದೆ ಹಂಪಿಯ ಕಲ್ಲಿನ ರಥ, ಮುಂದೆ ದೊಡ್ಡವರ ಸೀರೆಯಲ್ಲಿ ಮುಳುಗಿದ ನಾನು, ಕೆಳಗೆ ಸಾಲಾಗಿ ಮಾವನ ಗೆಳೆಯರು, ಎಲ್ಲರಿಗೂ ಕಪ್ಪು ಕನ್ನಡಕ. ನನಗೆ ಮುಟ್ಟಾಯಿತೆಂದು ಇಷ್ಟು ಗಂಡಸರು ಕೈಮುಗಿದು ಇಡೀ ಊರಿಗೆ "ಸುಸ್ವಾಗತ" ಕೋರುತ್ತಿದ್ದರು, ಆಗದೇ ಇದ್ದದ್ದಕ್ಕೆ. ಶಾಲೆಗೆ ಹೋದ ಮೊದಲ ದಿನವೇ ಕ್ಲಾಸಿನ ಹುಡುಗರು ನನ್ನನ್ನು ಕಂಡು "ಸುಸ್ವಾಗತ, ಸುಸ್ವಾಗತ" ಎಂದು ಕೂಗಿದರು. ಏಳನೇ ಕ್ಲಾಸು ಮುಗಿಯುವವರೆಗೂ ಅದೇ ನನ್ನ ಹೆಸರಾಯಿತು.

ಆಟ ಮಾತ್ರ ಮುಗಿಯಿತು. "ದೊಡ್ಡಾಕಿ ಆದಾಕಿ ಚಡ್ಡಿ ಹಾಕ್ಕೊಂಡು ಓಡ್ತಾಳಂತ, ಕೇಳ್ರಿ" ಎಂದು ಅಜ್ಜಿ ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ಸಂಜೆ ಶಾಲೆ ಬಿಟ್ಟ ಮೇಲೆ ಕಾಂಪೌಂಡಿನ ಆಚೆಯಿಂದ "ಖೋ" ಎಂದು ಕೂಗುವುದು ಕೇಳಿದರೆ ನನ್ನ ಕಾಲು ತಾನಾಗಿಯೇ ಮುಂದಾಗುತ್ತಿತ್ತು. ಅದನ್ನು ಎಳೆದುಕೊಂಡು ಮನೆಗೆ ಬರುತ್ತಿದ್ದೆ.

ನಿಜವಾಗಿ ಆದದ್ದು ಒಂಬತ್ತನೇ ಕ್ಲಾಸಿಗೆ ಬಂದ ಮೇಲೆ. ಅಲ್ಲಿಯವರೆಗೆ, ಅವರ ಲೆಕ್ಕದ ಪ್ರಕಾರವೇ, ನಾನು ಓಡಬಹುದಾಗಿದ್ದ ಸಣ್ಣ ಹುಡುಗಿ. ಒಂದು ಬೆಳಿಗ್ಗೆ ಹಿತ್ತಲಿನ ಬಚ್ಚಲಿನಲ್ಲಿ ರಕ್ತ ಕಂಡೆ. ಬಚ್ಚಲಿಗೆ ಬಾಗಿಲು ಮುರಿದಿತ್ತು. ಅದರ ಜಾಗದಲ್ಲಿ ನನ್ನದೇ ಫ್ಲೆಕ್ಸನ್ನು ಪರದೆಯಾಗಿ ಕಟ್ಟಿದ್ದರು. ಅರಿಶಿನದ ಕೆನ್ನೆಯ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವ್ವನನ್ನು ಕೂಗಿದೆ.

"ಅವ್ವಾ, ಈಗ ಆಗೇತಿ. ಖರೇನs ಆಗೇತಿ."

"ಮೆಲ್ಲಕ ಮಾತಾಡು. ಅಜ್ಜಿ ಕೇಳಿಸ್ಕೊಂತಾಳ" ಎಂದಳು. ಒಳಗೆ ಹೋಗಿ ಟ್ರಂಕು ತೆಗೆದ ಸದ್ದಾಯಿತು. ಪರದೆಯ ಸಂದಿಯಿಂದ ಅವಳ ಕೈ ಮಾತ್ರ ಒಳಗೆ ಬಂತು. ಕೈಯಲ್ಲಿ ಹಳೆಯ ಸೀರೆಯ ಮಡಿಕೆ. ಅಂಚು ನೋಡಿದ ಕೂಡಲೇ ಗುರುತು ಹಿಡಿದೆ. ಅವತ್ತು ಸುಳ್ಳೇ ಒಗೆದು ತಂತಿಗೆ ಹಾಕಿದ್ದ ಬಟ್ಟೆ ಅದು. ಒಂದು ಕಲೆಯೂ ಇರಲಿಲ್ಲ.

"ಮುಂದ ಬೇಕಾಗ್ತೈತಂತ ಆಗಲೇ ತೆಗೆದಿಟ್ಟಿದ್ದೆ" ಎಂದಳು ಅವ್ವ.