ಬೆಳ್ಳಿಯ ಗುರ್ದಾ

ನನ್ನ ಅವ್ವನಿಗೆ ಮೂತ್ರದಲ್ಲಿ ರಕ್ತ ಬೀಳತೊಡಗಿದ್ದು ನಿಜಾಮರ ಆಳ್ವಿಕೆಯ ಕೊನೆಗಾಲದಲ್ಲಿ. ನಾನು ಮದುವೆಯಾಗಿ ರಾಯಚೂರು ಸೇರಿದ್ದೆ. ಅಪ್ಪ, ಅವ್ವ ಮಾನ್ವಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ಹೈದರಾಬಾದಿನ ದವಾಖಾನೆಯಲ್ಲಿ ಎಕ್ಸ್‌ರೇ ಫೋಟೋ ತೆಗೆದು ನೋಡಿದರೆ, ಒಂದು ಮೂತ್ರಪಿಂಡ, ನಮ್ಮ ಕಡೆಯವರ ಬಾಯಲ್ಲಿ ಗುರ್ದಾ, ಹರಳು ಕಟ್ಟಿ ಎಂದೋ ಕೆಟ್ಟುಹೋಗಿದೆ, ಇನ್ನೊಂದರ ಅಂಚಿಗೆ ಗಡ್ಡೆ. ಗಡ್ಡೆ ಬಂದರೆ ಮೂತ್ರಪಿಂಡವನ್ನೇ ತೆಗೆದುಹಾಕುವುದು ಆಗಿನ ರೂಢಿ. ಹಾಗೆ ಮಾಡಿದರೆ ಅವ್ವನಿಗೆ ಉಳಿಯುವುದೇನು? ಡಾಕ್ಟರು ಧೈರ್ಯ ಮಾಡಿ ಗಡ್ಡೆಯನ್ನಷ್ಟೇ ಕತ್ತರಿಸಿ, ಮಿಕ್ಕದ್ದನ್ನು ಹೊಲಿದು ಒಳಗೇ ಬಿಟ್ಟರು. ಅದು ಕೆಲಸ ಮಾಡಿದರೆ ಬದುಕುತ್ತಾಳೆ, ಮೂತ್ರ ಕಡಿಮೆಯಾದರೆ, ಕಾಲು ಬಾತರೆ ಕೂಡಲೇ ಕರೆತನ್ನಿ ಎಂದರು.

ಹೈದರಾಬಾದಿಗೆ ರೈಲು ಹತ್ತಿರವಾಗಲೆಂದು ಇಬ್ಬರೂ ರಾಯಚೂರಿನ ನಮ್ಮ ಮನೆಯಲ್ಲೇ ಉಳಿದರು. ಅಂದಿನಿಂದ ಅಪ್ಪನಿಗೆ ಬೇರೆ ಕಸುಬೇ ಇಲ್ಲ. ನಾಲ್ಕು ಜನರೆದುರು ಹೆಂಡತಿಯ ಪಕ್ಕ ಕೂತವನೇ ಅಲ್ಲ. ಈಗ ಬೆಳಗಾದರೆ ನಮ್ಮ ಪಡಸಾಲೆಯಲ್ಲಿ ಅವಳ ಕಾಲು ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಗುಣಿ ಬೀಳುತ್ತದೋ ಎಂದು ನೋಡುತ್ತಿದ್ದ.

"ಮಂದಿ ನೋಡಾಕತ್ತಾರ, ಬಿಡ್ರಿ" ಎಂದು ಅವ್ವ ಸೆರಗನ್ನು ಬಾಯಿಗೆ ಅಡ್ಡ ಹಿಡಿಯುವಳು.

ದೇವದುರ್ಗದಿಂದ ಅವಳ ತವರಿನವರು ಅಳಲು ತಯಾರಾಗಿಯೇ ಬಂದರು. ಅರ್ಧ ಗುರ್ದಾ ಎಷ್ಟು ದಿನ ಬಂದೀತು ಎಂದು ಪಿಸುಗುಟ್ಟಿದರು. ನನಗೆ ಸಿಟ್ಟು ನೆತ್ತಿಗೇರಿ, ಅವರ ಚಹಕ್ಕೆ ಸಕ್ಕರೆಯನ್ನೇ ಹಾಕಲಿಲ್ಲ.

ವರ್ಷ ತುಂಬಿತು. ಕಾಲು ಬಾತುಕೊಳ್ಳಲಿಲ್ಲ, ರಕ್ತ ಕಾಣಲಿಲ್ಲ. ಆಗ ಅಪ್ಪ ತನ್ನ ಹರಕೆ ಹೊರಗೆಡವಿದ. ಕಣ್ಣು ವಾಸಿಯಾದವರು ದೇವರಿಗೆ ಬೆಳ್ಳಿಯ ಕಣ್ಣು ಒಪ್ಪಿಸುವಂತೆ ಇವನು ದೇವಸುಗೂರಿನ ಸೂಗೂರೇಶ್ವರನಿಗೆ ಬೆಳ್ಳಿಯ ಗುರ್ದಾದ ಹರಕೆ ಹೊತ್ತಿದ್ದ! ನಮ್ಮೂರ ಅಕ್ಕಸಾಲಿಗ ಪತ್ತಾರ ಕಣ್ಣು ಬಲ್ಲ, ಪಾದ ಬಲ್ಲ, ತೊಟ್ಟಿಲು ಬಲ್ಲ. ಗುರ್ದಾ ಕಂಡವನಲ್ಲ. ಅಪ್ಪ ಕುರಿಯದೊಂದನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ತಂದ.

"ಯಪ್ಪಾ, ಅಲ್ಲೇ ಹೊರಗ ಇಡ್ರಿ, ಇಲ್ಲಿಂದನ ನೋಡತೀನಿ" ಎಂದು ಪತ್ತಾರ ಮೂಗು ಮುಚ್ಚಿಕೊಂಡ.

"ಒಂದು ಬದಿಗೆ ಚೂರು ಕಡದು ಮಾಡು. ಡಾಕ್ಟರು ಕಡದಾರಲ್ಲ. ದೇವ್ರ ಮುಂದ ಸುಳ್ಳು ಇಡಬಾರದು."

"ಕಡದು ಮಾಡಿದ್ರ ಪತ್ತಾರ ಬೆಳ್ಳಿ ಕದ್ದಾನಂತಾರ್ರಿ ಮಂದಿ!"

ವಾದ ಬಹಳ ಹೊತ್ತು ನಡೆಯಿತು. ಕೊನೆಗೆ ಗೆದ್ದದ್ದು ಅಪ್ಪನೇ. ಅಂಚು ಕಡಿದ ಬೆಳ್ಳಿಯ ಗುರ್ದಾ ಹಿಡಿದು, ಒಂದು ಮುಂಜಾನೆ ಎತ್ತಿನ ಗಾಡಿಯಲ್ಲಿ ದೇವಸುಗೂರಿಗೆ ಹೊರಟೆವು.

ಊರು ದಾಟುವುದರೊಳಗೆ ಅವ್ವ, "ಗಾಡಿ ನಿಲ್ಲಸ್ರಿ" ಎಂದಳು. ಇಳಿದು ಜಾಲಿಕಂಟಿಯ ಮರೆಗೆ ಹೋಗಿ ಬಂದಳು. ತುಸು ದೂರ ಹೋದ ಮೇಲೆ ಮತ್ತೆ, "ನಿಲ್ಲಸ್ರಿ." ಡಾಕ್ಟರ ಮಾತಿನಂತೆ ತಂಬಿಗೆಗಟ್ಟಲೆ ನೀರು ಕುಡಿಯುವವಳು. ಬಿಸಿಲು ಏರುತ್ತಿತ್ತು. ಇನ್ನೊಮ್ಮೆ ನಿಲ್ಲಿಸಿದಾಗ ನನಗೆ ತಡೆಯಲಾಗಲಿಲ್ಲ.

"ಯಪ್ಪಾ, ಹಿಂಗಾದ್ರ ಗುಡಿ ಮುಟ್ಟೋದು ಯಾವಾಗ?"

ಸಂತೆಗೆ ಹೋಗುವಾಗ ತಡಮಾಡಿದವರನ್ನು ಬಿಟ್ಟೇ ಗಾಡಿ ಹೊಡೆಯುತ್ತಿದ್ದ ಮನುಷ್ಯ ಆತ. ನನ್ನತ್ತ ತಿರುಗಿದ.

"ಸುಮ್ಮಿರು. ಎಷ್ಟು ಸಲ ನಿಲ್ಲಸಂತಾಳ ಅಷ್ಟು ಸಲ ನಿಲ್ಲಸ್ತೀನಿ. ಆಕಿ ನಿಲ್ಲಸು ಅನ್ನದು ಬಿಟ್ಟ ದಿನ, ನಾ ಗಾಡಿ ಹೂಡಿ ಎಲ್ಲಿಗೆ ಹೋಗ್ಲಿ?"

ಅವ್ವ ಬಂದು ಗಾಡಿ ಹತ್ತಿ, ಬಾಯಿ ಒಣಗಿದೆ ಎಂದು ನೀರು ಕೇಳಿದಳು. ಅಪ್ಪ ತಂಬಿಗೆಯನ್ನು ತುಳುಕುವಂತೆ ತುಂಬಿ ಕೊಟ್ಟು, ಅವಳು ಪೂರ್ತಿ ಕುಡಿಯುವವರೆಗೆ ಎತ್ತುಗಳನ್ನು ಹೊಡೆಯಲಿಲ್ಲ.