ಅಣ್ಣ ಬೈಯಲಿಲ್ಲ ಎಂದು ಹುಮನಾಬಾದಿಗೆ ಓಡಿದ್ದು

ಹೋದ ವಾರ ನಮ್ಮಣ್ಣ ನನ್ನ ಸೀರೆಯನ್ನು ಹೊಗಳಿದ. ನಾನು ಅಳುತ್ತಾ ಬಸ್ ಹತ್ತಿದೆ.

ಸಂತೋಷದ ಅಳು ಅಂದುಕೊಂಡಿರಾ? ಅಲ್ಲ, ಶುದ್ಧ ಹೆದರಿಕೆಯ ಅಳು. ನಿಮಗೆ ನಮ್ಮಣ್ಣ ಗೊತ್ತಿಲ್ಲ.

ಹುಮನಾಬಾದಿನ ಮಾರ್ಕೆಟ್ಟಿನಲ್ಲಿ ಅವನದು ಕಾಳುಕಡಿಯ ಅಡತಿ ಅಂಗಡಿ. ತೊಗರಿ, ಕಡಲೆ, ಬೈಗುಳ ಎಲ್ಲವೂ ಅಲ್ಲಿ ಸಗಟಿನಲ್ಲೇ. ವಾಟ್ಸ್ಆ್ಯಪ್‌ನಲ್ಲೂ ಅದೇ ವ್ಯಾಪಾರ. ನಾನು ಗುಡ್ ಮಾರ್ನಿಂಗ್ ಹೂವು ಕಳಿಸಿದರೆ "ಮನ್ಯಾಗ ಕೆಲಸ ಇಲ್ಲೇನು?" ಎಂದು ಬರೆಯುತ್ತಾನೆ. ಹುಟ್ಟುಹಬ್ಬಕ್ಕೆ ಶುಭಾಶಯ ಹೇಳಿದರೆ "ಹ್ಞೂಂ". (ಅವನ ಹ್ಞೂಂ ಎಂದರೆ ನಮ್ಮ ನಿಮ್ಮ ಅಪ್ಪುಗೆ ಇದ್ದಂತೆ.)

ಇಂಥವನಿಗೆ ಬಸವಕಲ್ಯಾಣದಿಂದ ನನ್ನ ಹೊಸ ಹಸಿರು ಸೀರೆಯ ಫೋಟೊ ಕಳಿಸಿ "ಹ್ಯಾಂಗ ಅದ ಅಣ್ಣಾ?" ಎಂದು ಕೇಳಿದೆ. ಉತ್ತರ ಬಂತು:

"ಪ್ರೀತಿಯ ಸಹೋದರಿ, ಈ ಸೀರೆ ನಿನ್ನ ವ್ಯಕ್ತಿತ್ವಕ್ಕೆ ಹೊಸ ಮೆರುಗು ನೀಡಿದೆ. ನಿನ್ನ ಆಯ್ಕೆಯನ್ನು ಮನಃಪೂರ್ವಕವಾಗಿ ಗೌರವಿಸುತ್ತೇನೆ."

ಸಹೋದರಿ! ಹುಟ್ಟಿದಾಗಿನಿಂದ ಅವನು ನನ್ನನ್ನು ಕರೆದಿದ್ದು "ಏ ಹುಚ್ಚಿ" ಎಂದೇ. "ಆರಾಮ ಇದ್ದೀ ಇಲ್ಲೋ ಅಣ್ಣಾ?" ಎಂದು ಬರೆದೆ.

"ನಿನ್ನ ಕಾಳಜಿಗೆ ಧನ್ಯವಾದಗಳು. ಜೀವನದ ಪ್ರತಿ ಕ್ಷಣವೂ ಅಮೂಲ್ಯ."

ನೀವೇ ಹೇಳಿ, ಆರೋಗ್ಯವಾಗಿರುವ ಯಾವ ಅಡತಿ ವ್ಯಾಪಾರಿ ಹೀಗೆ ಮಾತಾಡುತ್ತಾನೆ? ಫೋನ್ ಮಾಡಿದೆ. ಕಟ್ ಮಾಡಿದ. ಹಿಂದೆಯೇ ಮೆಸೇಜು: "ಸದ್ಯ ಮಾತನಾಡುವ ಸ್ಥಿತಿಯಲ್ಲಿಲ್ಲ. ಶೀಘ್ರದಲ್ಲೇ ಭೇಟಿಯಾಗೋಣ." ಅಣ್ಣನ ಹೆಂಡತಿ, ಅಂದರೆ ನಮ್ಮ ವೈನಿಯ ಫೋನು ಸ್ವಿಚ್ ಆಫ್.

"ಯಾರೋ ಹ್ಯಾಕ್ ಮಾಡ್ಯಾರ. ನಿಂದ್ರು, ಟೆಸ್ಟ್ ಮಾಡೋಣು," ಎಂದು ನಮ್ಮ ಮನೆಯವರು ನನ್ನ ಫೋನು ಕಸಿದುಕೊಂಡು ಬರೆದರು: "ನೀ ಕೊಟ್ಟ ತೊಗರಿಬ್ಯಾಳಿ ಬೇಯವಲ್ಲದು."

ಹುಮನಾಬಾದಿನ ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ನಾನು, ಇವರು, ರಜೆಗೆ ಬಂದಿದ್ದ ಮಗಳು, ಮೂವರೂ ಫೋನಿನ ಮೇಲೆ ಬಗ್ಗಿ ಬೈಗುಳಕ್ಕಾಗಿ ಕಾದೆವು.

"ನಿಮ್ಮ ಪ್ರಾಮಾಣಿಕ ಅನಿಸಿಕೆಗೆ ಋಣಿ. ಬೇಯಿಸುವ ವಿಧಾನವನ್ನು ಒಟ್ಟಾಗಿ ಅವಲೋಕಿಸೋಣ."

"ನಡಿ, ಬಸ್ ಹಿಡಿಯೋಣು," ಎಂದರು ಮನೆಯವರು, ಚಪ್ಪಲಿ ಹುಡುಕುತ್ತಾ. ನಾನು ಉಟ್ಟಿದ್ದ ಆ ಹಸಿರು ಸೀರೆಯಲ್ಲೇ ಹೊರಟೆ.

ಮಗಳು ಓದುತ್ತಿರುವುದು ಮನಃಶಾಸ್ತ್ರ. ನಾನು ಕಣ್ಣೊರೆಸಿಕೊಳ್ಳುತ್ತಿದ್ದರೆ ಅವಳಿಗೆ ಬಸ್ಸಿನಲ್ಲಿ ಪಾಠದ ಹುರುಪು. "ಮಮ್ಮಿ, ಇದಕ್ಕೊಂದು ಥಿಯರಿ ಅದ. ಮೆಸೇಜಿನ್ಯಾಗ ಮುಖಾ ಕಾಣೂದಿಲ್ಲ, ದನಿ ಕೇಳೂದಿಲ್ಲ. ಆ ಖಾಲಿ ಜಾಗಾ ನಮ್ಮ ಮನಸೇ ತುಂಬ್ತದ. ನೀ ಅಂಜಿಕಿ ತುಂಬಾಕತ್ತಿ."

"ನೀ ಬಾಯಾಗ ಏನರ ತುಂಬ್ಕೊಂಡು ಸುಮ್ನ ಕೂಡು," ಎಂದೆ.

ಕೂತಾಳೆಯೇ? ಇನ್ನೊಂದು ಥಿಯರಿ ತೆಗೆದಳು. ಆನ್‌ಲೈನ್‌ನಲ್ಲಿ ಮನುಷ್ಯನಿಗೆ ಲಗಾಮು ಇರುವುದಿಲ್ಲವಂತೆ. ಎದುರಿಗೆ ಆಡಲಾರದ ಮಾತನ್ನೆಲ್ಲ ಅಲ್ಲಿ ಆಡಿಬಿಡುತ್ತಾನಂತೆ.

"ನಿಮ್ಮ ಮಾಮಾ ಎದುರಿಗೂ ಎಲ್ಲಾ ಆಡ್ತಾನಲ್ಲ, ಅವಗ ಯಾವ ಥಿಯರಿ?"

ಮಗಳು ಯೋಚಿಸಿದಳು. "ಅದು ಸಿಲೆಬಸ್‌ನ್ಯಾಗ ಇಲ್ಲ."

ಹುಮನಾಬಾದಿನಲ್ಲಿ ಇಳಿದು, ಆಟೊ ಹಿಡಿದು, ಮಾರ್ಕೆಟ್ ತಲುಪಿದರೆ ಅಂಗಡಿಯ ಮುಂದೆ ಜನ! ನಾನು ಆಟೊದಿಂದ ಇಳಿದು ಓಡಿದೆ. ಜನರ ನಡುವಿನಿಂದ ಪರಿಚಿತ ಗರ್ಜನೆ ಕೇಳಿಸಿತು. ಅಣ್ಣ ಒಬ್ಬ ಲಾರಿ ಡ್ರೈವರನ ಏಳು ತಲೆಮಾರನ್ನು ವಿಚಾರಿಸುತ್ತಿದ್ದ. ನಮ್ಮನ್ನು ಕಂಡು ತಿರುಗಿದ.

"ಏ ಹುಚ್ಚಿ, ಹೇಳಲಾರದ ಕೇಳಲಾರದ ಯಾಕ ಬಂದಿ? ಮೈಗೆಲ್ಲ ಕಿಡಕಿ ಪಡದಿ ಯಾಕ ಸುತ್ಕೊಂಡಿ?"

ಆಹಾ! ನಾನು ಅವನ ಕೈ ಹಿಡಿದು ಗೊಳೋ ಎಂದು ಅತ್ತೆ. ಅವನು ಗಾಬರಿಯಾಗಿ ಮನೆಯವರನ್ನು ಕೇಳಿದ: "ಯಾರ್ ಸತ್ರೀ?"

"ನೀವೇ ಅಂತ ಬಂದೀವ್ರಿ," ಎಂದರು ಇವರು.

ಅಷ್ಟರಲ್ಲಿ ವೈನಿ ಮಾಣಿಕನಗರದ ಮಠದಿಂದ ಪ್ರಸಾದ ಹಿಡಿದು ಬಂದರು. (ಮಠದಲ್ಲಿ ಫೋನು ಬಂದ್ ಮಾಡಿಡುವ ಪುಣ್ಯಾತ್ಮರು ಇನ್ನೂ ಇದ್ದಾರೆ.) ಗುಟ್ಟು ಬಿಚ್ಚಿದ್ದು ಅವರೇ. ಅಣ್ಣನ ಹೊಸ ಫೋನಿನ ಕೀಬೋರ್ಡಿನಲ್ಲಿ ಒಂದು ಸಣ್ಣ ಚಿಕ್ಕಿಯ, ಅಂದರೆ ನಕ್ಷತ್ರದ, ಗುರುತು ಇದೆ. ಏನಾದರೂ ಬರೆದು ಆ ಚಿಕ್ಕಿ ಒತ್ತಿದರೆ ಫೋನು ತಾನೇ ಅದನ್ನು ಸಭ್ಯ ಭಾಷೆಗೆ ತಿದ್ದಿ ಕೊಡುತ್ತದೆ.

"ಮಗಳನ್ನ ಕೊಟ್ಟ ಬೀಗರಿಗೇ ಇವ್ರು ಬಾಯಿಗೆ ಬಂದಂಗ ಬರ್ದಾರ. ಅವರೂ ಬರ್ದಾರ. ನಡುವ ನನ್ನ ಮಗಳು ದಿನಾ ಅಳಾಕತ್ತಿದ್ಳು. ಅದಕ್ಕ ನಾ ಹೇಳೀನಿ, ಏನರ ಬರೀರಿ, ಕಳಸೂಕಿಂತ ಮೊದಲ ಚಿಕ್ಕಿ ಒತ್ರಿ ಅಂತ."

"ಅಂದ್ರ ಸೀರಿಗೆ ನೀ ಖರೇ ಬರ್ದದ್ದು ಏನಣ್ಣಾ?"

"ಪಡದಿ ಹಾಂಗ ಅದ ಅಂತ."

"ಪ್ರತಿ ಕ್ಷಣ ಅಮೂಲ್ಯ ಅಂದದ್ದು?"

"ಟೈಮ್ ಖರಾಬ್ ಮಾಡಬ್ಯಾಡ ಅಂದೆ. ತೊಗರಿ ಹರಾಜಿನ ಸವಾಲ್ ನಡದಿತ್ತು, ನಿನ್ನ ಜೋಡಿ ಏನ್ ಮಾತಾಡ್ಲಿ?"

ಬೇಳೆಯ ವಿಷಯಕ್ಕೆ ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ. ನಮ್ಮ ಮನೆಯವರು ಮಾತ್ರ ಚಹಾ ಕುಡಿಯುವವರೆಗೂ ತಲೆ ಎತ್ತಲಿಲ್ಲ.

"ಆದ್ರ ಒಂದು ಮಾತು," ಎಂದ ಅಣ್ಣ, ಹೆಮ್ಮೆಯಿಂದ. "ನಾ ಸುಧಾರಿಸಿದ್ದು ನೋಡಿ ಬೀಗರೂ ಸುಧಾರಿಸ್ಯಾರ. ಎಷ್ಟು ಛಂದ ಬರೀತಾರ ನೋಡ್ರಿ!"

ನೋಡಿದೆವು. "ಗೌರವಾನ್ವಿತ ಬೀಗರೇ, ನಿಮ್ಮ ಮೌಲ್ಯಯುತ ಸಲಹೆಯನ್ನು ತೆರೆದ ಮನಸ್ಸಿನಿಂದ ಸ್ವಾಗತಿಸುತ್ತೇವೆ."

ನನ್ನ ಮಗಳು ಕಿಸಕ್ಕೆಂದಳು. "ಮಾಮಾ, ಅವ್ರೂ ಚಿಕ್ಕಿ ಒತ್ತಾಕತ್ತಾರ!"

ಅಣ್ಣನ ಮುಖ ಸಣ್ಣದಾಯಿತು. "ಹಾಂಗಾದ್ರ ಅವ್ರು ಖರೇ ಏನ್ ಬರ್ದಾರ? ನಿಂದ್ರು, ಈಗೇ ಫೋನ್ ಹಚ್ಚಿ ಕೇಳ್ತೀನಿ!" ವೈನಿ ಫೋನು ಕಿತ್ತುಕೊಂಡು ಸೆರಗಿನಲ್ಲಿ ಗಂಟು ಹಾಕಿಕೊಂಡರು. ತಮ್ಮ ಮಗಳು ಗಂಡನ ಮನೆಯಲ್ಲಿ ನಗುತ್ತಿದ್ದಾಳೆ, ವೈನಿಗೆ ಅಷ್ಟು ಸಾಕು.

ವಾಪಸ್ ಬರುವಾಗ ನಮ್ಮ ಮಗಳಿಗೆ ಹೊಸ ಚಿಂತೆ. ಅವಳ ಪುಸ್ತಕದ ಥಿಯರಿಗಳೆಲ್ಲ ಆ ಕಡೆ ಒಬ್ಬ ಮನುಷ್ಯ, ಈ ಕಡೆ ಒಬ್ಬ ಮನುಷ್ಯ ಎಂದು ನಂಬಿ ಬರೆದವಂತೆ. ಬೈಯುವುದು ಮನುಷ್ಯ, ಕೈ ಮುಗಿಯುವುದು ಫೋನು ಎಂದಾದರೆ ಮುಂದೆ ಯಾರ ಮನಸ್ಸನ್ನು ಓದಬೇಕು?

ಓದಲಿ ಬಿಡಿ, ಅದಕ್ಕೇ ತಾನೇ ಕಾಲೇಜು ಇರುವುದು. ನನ್ನದು ಇಷ್ಟೇ ಪ್ರಶ್ನೆ: ಎರಡು ಫೋನುಗಳು ಇಷ್ಟು ಚೆನ್ನಾಗಿ ಬೀಗತನ ಮಾಡುತ್ತಿರುವಾಗ, ನಡುವೆ ಬಾಯಿ ಹಾಕಲು ನಾವು ಯಾರು?